ಅಕಾರ್ಡಿಯನ್‌ಗೆ ಬೆಲೆ ಕಟ್ಟಿದವರು

ಮಗುವೊಂದು ನುಡಿಸಿ ಬಿಟ್ಟಿದ್ದ ಅಕಾರ್ಡಿಯನ್ ಅಟ್ಟದ ಮೊಳೆಯಲ್ಲಿ ವರ್ಷಗಟ್ಟಲೆ ಸುಮ್ಮನೆ ನೇತಾಡುತ್ತಿತ್ತು. ಒಂದು ದಿನ ಗೆದ್ದಲೂ ಇಲಿಯೂ ಅದಕ್ಕೆ ಬೆಲೆ ಕಟ್ಟಲು ಬಂದವು.

"ಮರ ಉತ್ತಮ ದರ್ಜೆಯದು," ಎಂದು ಗೆದ್ದಲು ತಲೆದೂಗಿತು.

"ತಿದಿಯ ಚರ್ಮವೂ ಹದವಾಗಿದೆ. ಇಂಥ ಮಾಲು ಈಗೆಲ್ಲಿ ಸಿಗುತ್ತದೆ?" ಎಂದಿತು ಇಲಿ.

ಬಹುಕಾಲದ ಮೇಲೆ ಹೊಗಳಿಕೆ ಕೇಳಿದ ಅಕಾರ್ಡಿಯನ್ ಹಿಗ್ಗಿಹೋಯಿತು. "ನನ್ನ ಸ್ವರವನ್ನೂ ಪರೀಕ್ಷಿಸಬಾರದೇ, ಸ್ವಾಮಿ?"

"ಸ್ವರದಿಂದ ಯಾರ ಹೊಟ್ಟೆ ತುಂಬುತ್ತದೆ, ಅಜ್ಜಾ? ಮರ ಇವನಿಗೆ, ಚರ್ಮ ನನಗೆ," ಎಂದ ಇಲಿ, ರುಚಿ ನೋಡಲೆಂದು ತಿದಿಯನ್ನು ಬಿಗಿದಿದ್ದ ಪಟ್ಟಿಯನ್ನು ಕಡಿಯಿತು.

ಪಟ್ಟಿ ಹರಿದೊಡನೆ ತಿದಿ ತನ್ನ ಭಾರಕ್ಕೇ ತೆರೆದುಕೊಂಡಿತು. ಒತ್ತಿದಂತೆಯೇ ಸಿಕ್ಕಿಕೊಂಡಿದ್ದ ಸ್ವರದ ಕೀಲಿಯೊಂದು ಅಟ್ಟ ನಡುಗುವಂತೆ ನುಡಿಯಿತು. ಕೆಳಗಿನಿಂದ ಯಾರೋ ಅವಸರವಾಗಿ ಏಣಿ ಹತ್ತುವ ಸಪ್ಪಳ ಕೇಳಿಸಿತು.

"ಓಡು ಮಾರಾಯ!" ಎಂದು ಇಲಿ ಚೀರಿತು. "ಮಾಲು ಕೆಟ್ಟಿದೆ. ಇನ್ನೂ ಜೀವ ಇದೆ!"