ಬೀಳದ ಸೈನ್ಯ

"ಬುದ್ಧೀ, ಕಲಿಯಲು ಬಂದವರು ಕೈತಪ್ಪಿ ಹೋಗದ ಹಾಗೆ ಹಿಡಿಯುವುದು ಹೇಗೆ?"

ಹೀಗೆ ಕೇಳಿದವನು ಶಿವರುದ್ರ. ಹತ್ತು ವರ್ಷ ಮಠದಲ್ಲಿದ್ದು ಗುರುಗಳಿಂದ ಸಂಗೀತ ಕಲಿತವನು. ಈಗ ಪಕ್ಕದ ಊರಿನಲ್ಲಿ ತನ್ನದೇ ಒಂದು ಸಂಗೀತ ಶಾಲೆ ನಡೆಸುತ್ತಿದ್ದ. ಇಪ್ಪತ್ತೆಂಟು ಮಂದಿ ಸೇರಿದ್ದರು. ಹದಿನೇಳು ಮಂದಿ ಬಿಟ್ಟುಹೋಗಿದ್ದರು. ಉಳಿದವರೂ ಹೋದರೆ ಶಾಲೆ ಮುಚ್ಚಬೇಕು. ಅದಕ್ಕೇ ಅವನು ಹೊಸ ನಿಯಮಗಳ ಒಂದು ಹಾಳೆ ಬರೆದು ತಂದಿದ್ದ. ಬೇರೆ ಯಾರ ಬಳಿಯೂ ಪಾಠ ಕೇಳಬಾರದು. ಅಪ್ಪಣೆಯಿಲ್ಲದೆ ಎಲ್ಲಿಯೂ ಹಾಡಬಾರದು. ಕಲಿಸಿದ್ದಕ್ಕೆ ಒಂದು ಸ್ವರವನ್ನೂ ತಾವಾಗಿ ಸೇರಿಸಬಾರದು. ಕೆಳಗೆ ರುಜು ಹಾಕಲು ಜಾಗ ಬಿಟ್ಟಿದ್ದ. ಗುರುಗಳು ಒಮ್ಮೆ ಹೂಂ ಎಂದರೆ ನಾಳೆಯೇ ಎಲ್ಲರಿಂದ ರುಜು ಹಾಕಿಸುವುದು ಅವನ ಯೋಚನೆ.

ಗುರುಗಳು ಹಾಳೆಯನ್ನು ಪೂರ್ತಿ ಓದಿದರು. ಕನ್ನಡಕ ತೆಗೆದು ಮಡಿಸಿಟ್ಟರು.

"ಉಳಿದ ಹನ್ನೊಂದು ಮಂದಿ ಹೇಗೆ ಹಾಡುತ್ತಾರೆ?"

"ಥೇಟ್ ನಾನು ಹಾಡಿದ ಹಾಗೆ ಬುದ್ಧೀ. ಕೂದಲೆಳೆಯಷ್ಟೂ ವ್ಯತ್ಯಾಸವಿಲ್ಲ." ಶಿವರುದ್ರನ ಮುಖ ಅರಳಿತು.

"ಯಾರನ್ನಾದರೂ ಒಬ್ಬರನ್ನೇ ಕೂರಿಸಿ ಹಾಡಿಸಿದ್ದೀಯಾ?"

"ಇನ್ನೂ ಇಲ್ಲ. ಯಾವಾಗಲೂ ನನ್ನ ಜೊತೆಯಲ್ಲೇ."

"ಸರಿ. ಒಂದು ಕತೆ ಹೇಳುತ್ತೇನೆ. ನಡುವೆ ಬಾಯಿ ಹಾಕಬೇಡ. ನಿನಗೆ ಆ ಚಾಳಿ ಮೊದಲಿನಿಂದಲೂ ಇದೆ" ಎಂದು ಗುರುಗಳು ಗೋಡೆಗೆ ಒರಗಿ ಕೂತರು. ಅವರು ಹೇಳಿದ್ದು ಇಷ್ಟು.

ಒಂದೂರಿನಲ್ಲಿ ಒಬ್ಬ ಗಡಿಯಾರ ರಿಪೇರಿಯವನಿದ್ದ. ಕೈ ಬಹಳ ನಯ. ಬಿಡುವಾದಾಗ ಅವನು ಮರದಲ್ಲಿ ಸೈನಿಕರನ್ನು ಕೆತ್ತುತ್ತಿದ್ದ. ಒಬ್ಬೊಬ್ಬ ಸೈನಿಕನೂ ಹೆಬ್ಬೆರಳಿನಷ್ಟು ಎತ್ತರ. ಕೈಯಲ್ಲಿ ಈಟಿ, ತಲೆಗೆ ರುಮಾಲು, ಮುಖಕ್ಕೆ ಮೀಸೆ. ಕಾಲಿನ ಕೆಲಸದ ಮೇಲೆ ಅವನಿಗೆ ವಿಶೇಷ ಹೆಮ್ಮೆ. ಪಾದದ ಮೇಲಿನ ಗಂಟನ್ನು ಬೆಂಕಿಕಡ್ಡಿಗಿಂತ ಸಣ್ಣಗೆ ಕೆತ್ತುತ್ತಿದ್ದ. ಹೀಗೆ ಅರವತ್ತು ಕೆಂಪು ಸೈನಿಕರು, ಅರವತ್ತು ನೀಲಿ ಸೈನಿಕರು ಆಗಿದ್ದರು.

ಆಟಕ್ಕೆ ಎದುರಾಳಿ ಬೇಕಲ್ಲ. ಘಟ್ಟದ ಮೇಲಿನ ಊರಿನಲ್ಲಿ ಒಬ್ಬರು ಮೇಷ್ಟ್ರಿದ್ದರು, ಚಿಕ್ಕಂದಿನಲ್ಲಿ ಇವನಿಗೆ ಅಕ್ಷರ ಕಲಿಸಿದವರು. ಅವರ ಮನೆಯಲ್ಲಿ ದೊಡ್ಡ ಮೇಜು. ಮೇಜಿನ ಮೇಲೆ ಮಣ್ಣಿನ ಗುಡ್ಡ, ರಟ್ಟಿನ ಕೋಟೆ, ನೀಲಿ ಬಟ್ಟೆಯ ಹೊಳೆ. ವರ್ಷಕ್ಕೊಂದು ದಿನ ಇವನು ಸೈನ್ಯವನ್ನು ಹೊತ್ತುಕೊಂಡು ಬಸ್ಸಿನಲ್ಲಿ ಹೋಗುವನು. ಕೆಂಪು ಮೇಷ್ಟ್ರದು, ನೀಲಿ ಇವನದು. ಬೆಳಗಿನಿಂದ ಸಂಜೆಯವರೆಗೆ ಯುದ್ಧ. ದಾಳ ಹಾಕುವುದು, ಸಾಲನ್ನು ಮುಂದೆ ನೂಕುವುದು, ಯಾವ ಸೈನಿಕ ಸೋತನೋ ಅವನನ್ನು ಎತ್ತಿ ಪಕ್ಕಕ್ಕಿಡುವುದು. ನಗಬೇಡ ಶಿವರುದ್ರ. ಆ ಒಂದು ದಿನಕ್ಕಾಗಿ ಇಬ್ಬರೂ ವರ್ಷವೆಲ್ಲ ಕಾಯುತ್ತಿದ್ದರು.

ಒಂದು ವರ್ಷ ಬಸ್ಸು ಘಟ್ಟದ ತಿರುವಿನಲ್ಲಿ ಎತ್ತಿಹಾಕಿತು. ಪೆಟ್ಟಿಗೆ ತೆರೆದರೆ ಸೈನ್ಯವೆಲ್ಲ ರಾಶಿ. ಈಟಿಗಳು ಮುರಿದಿದ್ದವು. ಒಬ್ಬನ ರುಮಾಲಿಗೆ ಇನ್ನೊಬ್ಬನ ಕೈ ಸಿಕ್ಕಿಕೊಂಡಿತ್ತು. ಇಬ್ಬರೂ ಕೂತು ಅಂಟು ಹಾಕಿದ್ದೇ ಹಾಕಿದ್ದು. ಅಂಟು ಒಣಗುವ ಹೊತ್ತಿಗೆ ವಾಪಸು ಹೋಗುವ ಬಸ್ಸು ಬಂತು. ಆ ವರ್ಷ ಆಟವೇ ಆಗಲಿಲ್ಲ.

ಮರುವರ್ಷ ಮೇಷ್ಟ್ರಿಂದ ಕಾಗದ ಬಂತು. ಅಕ್ಷರಗಳು ದೊಡ್ಡದಾಗಿದ್ದವು, ಸಾಲುಗಳು ಸೊಟ್ಟಗಿದ್ದವು. ಕಣ್ಣು ಮಸುಕಾಗುತ್ತಿದೆಯಂತೆ. ಇನ್ನೊಂದು ವರ್ಷ ಕಳೆದರೆ ಬೆಳಕು ಯಾವುದು ಕತ್ತಲು ಯಾವುದು ಎನ್ನುವಷ್ಟೇ ತಿಳಿಯುವುದೆಂದು ಡಾಕ್ಟರು ಹೇಳಿದರಂತೆ. ಕೆಂಪು ಯಾವುದು, ನೀಲಿ ಯಾವುದು ಎಂದು ಕಾಣುತ್ತಿರುವಾಗಲೇ ಒಂದು ಆಟ ಆಡಿಬಿಡೋಣ ಬಾ ಎಂದು ಬರೆದಿದ್ದರು.

ಗಡಿಯಾರದವನು ಆ ಕಾಗದವನ್ನು ಎರಡು ಸಲ ಓದಿದ. ಈ ಸಲ ಒಬ್ಬನೇ ಒಬ್ಬ ಸೈನಿಕ ಬಿದ್ದರೂ ತನ್ನ ಕೈಯಲ್ಲಿ ಕೆಲಸವಿದೆ ಎನ್ನುವುದೇ ಸುಳ್ಳು ಎಂದುಕೊಂಡ.

ಬೀರುವಿನ ಬಾಗಿಲನ್ನು ಕಚ್ಚಿ ಹಿಡಿಯುತ್ತದಲ್ಲ, ಆ ಜಾತಿಯ ಅಯಸ್ಕಾಂತ ತಂದ. ಅಂಗಿಯ ಗುಂಡಿಯಷ್ಟು ಅಗಲ, ತೆಳ್ಳಗಿನ ಬಿಲ್ಲೆಗಳು. ಪ್ರತಿ ಸೈನಿಕನ ಕಾಲಡಿಗೂ ಒಂದು ಮರದ ಪೀಠ ಮಾಡಿ, ಪೀಠದ ಕೆಳಗೆ ಕುಳಿ ತೋಡಿ, ಕುಳಿಯಲ್ಲಿ ಒಂದು ಬಿಲ್ಲೆ ಕೂರಿಸಿ ಅಂಟಿಸಿದ. ಎಣ್ಣೆ ಡಬ್ಬದ ತಗಡನ್ನು ಚಪ್ಪಟೆ ಮಾಡಿಸಿ, ಅಂಚು ಮಡಿಸಿ, ಹನ್ನೆರಡು ತಟ್ಟೆ ಮಾಡಿಸಿದ. ಒಂದು ತಟ್ಟೆಗೆ ಹತ್ತು ಸೈನಿಕರ ಒಂದು ಸಾಲು. ತಟ್ಟೆಯನ್ನು ನೂಕಿದರೆ ಸಾಲು ಪೂರ್ತಿ ಮುಂದೆ ಹೋಗಬೇಕು. ಪಕ್ಕಪಕ್ಕದ ಅಯಸ್ಕಾಂತಗಳು ಮೊದಲು ಒಂದನ್ನೊಂದು ನೂಕಾಡಿದವು. ಒಂದನ್ನು ಮೇಲ್ಮುಖ, ಮುಂದಿನದನ್ನು ಕೆಳಮುಖ ಮಾಡಿ ಕೂರಿಸಿ ಆ ಜಗಳವನ್ನೂ ತೀರಿಸಿದ. ಬುದ್ಧಿವಂತ. ಅದರಲ್ಲಿ ಎರಡು ಮಾತಿಲ್ಲ.

ಸೈನಿಕರು ನಿಂತರು. ತಟ್ಟೆಯನ್ನು ವಾಲಿಸಿದ, ನಿಂತರು. ಕುಲುಕಿದ, ಇಬ್ಬರು ಒಂದಿಷ್ಟು ಸರಿದರು. ಬೇರೆ ಯಾರಾದರೂ ಅಷ್ಟಕ್ಕೆ ಸಾಕು ಎನ್ನುತ್ತಿದ್ದರು. ಇವನು ಪ್ರತಿ ಪೀಠಕ್ಕೂ ಎರಡನೆಯ ಬಿಲ್ಲೆ ಸೇರಿಸಿದ. ಈಗ ಕುಲುಕಿದರೂ ಯಾರೂ ಅಲುಗಲಿಲ್ಲ. ಇರಲಿ, ಘಟ್ಟದ ರಸ್ತೆ ಎಂದು ಮೂರನೆಯದನ್ನೂ ಸೇರಿಸಿದ.

ತಗಡಿನ ಕೆಲಸದವನ ಅಂಗಡಿಗೆ ಹೋಗಿ ತೋರಿಸಿದ. ಹತ್ತು ಸೈನಿಕರ ತಟ್ಟೆಯನ್ನು ತಲೆಯ ಮೇಲೆ ಎತ್ತಿ ಹಿಡಿದು ತಲೆಕೆಳಗು ಮಾಡಿದ. ಸೈನಿಕರು ಬಾವಲಿಗಳ ಹಾಗೆ ನೇತಾಡಿದರು. ಒಬ್ಬನೂ ಬೀಳಲಿಲ್ಲ.

"ಬೀಳಲ್ಲ, ಒಪ್ಕೊಂಡೆ. ಏಳ್ತಾವಾ?" ಎಂದ ತಗಡಿನವನು.

"ಯಾಕೆ ಏಳಲ್ಲ?" ಗಡಿಯಾರದವನು ಹೆಬ್ಬೆರಳಿನ ಉಗುರನ್ನು ಒಂದು ಪೀಠದ ಅಂಚಿಗೆ ಕೊಟ್ಟು, ಸ್ವಲ್ಪ ಓರೆ ಮಾಡಿ, ಸೈನಿಕನನ್ನು ಸಲೀಸಾಗಿ ಎಬ್ಬಿಸಿದ. "ನೋಡು."

"ಅದು ನಿನ್ನ ಕೈ ಕಣಪ್ಪಾ" ಎಂದು ತಗಡಿನವನು ಮತ್ತೆ ಸುತ್ತಿಗೆ ಹಿಡಿದ.

ಗಡಿಯಾರದವನಿಗೆ ಅದು ಹೊಗಳಿಕೆಯಾಗಿ ಕೇಳಿಸಿತು.

ಬಸ್ಸು ಆ ವರ್ಷವೂ ಎತ್ತಿಹಾಕಿತು. ಮೇಷ್ಟ್ರ ಮನೆಯಲ್ಲಿ ಪೆಟ್ಟಿಗೆ ತೆರೆದರೆ ನೂರಿಪ್ಪತ್ತು ಸೈನಿಕರೂ ಸಾಲಾಗಿ ನಿಂತಿದ್ದರು. ಮೇಷ್ಟ್ರು ಬಗ್ಗಿ, ಮೂಗು ತಗಲುವಷ್ಟು ಹತ್ತಿರದಿಂದ ನೋಡಿದರು. "ಭಲೇ" ಎಂದರು. ಆ ಒಂದು ಮಾತಿಗೆ ಇವನ ಮೂರು ತಿಂಗಳ ಕೆಲಸ ಸಾರ್ಥಕವಾಯಿತು.

ಆಟ ಶುರುವಾಯಿತು. ಸಾಲುಗಳು ಗುಡ್ಡ ಇಳಿದವು, ಹೊಳೆ ದಾಟಿದವು. ದಾಳ ಬಿತ್ತು. ಕೆಂಪು ಸಾಲಿನ ಮೊದಲನೆಯವನು ಸೋತ. ಮೇಷ್ಟ್ರು ಯಾವಾಗಲೂ ಹಿಡಿಯುವ ಹಾಗೆ ಸೈನಿಕನ ಭುಜ ಹಿಡಿದು ಮೇಲಕ್ಕೆ ಎತ್ತಿದರು.

ಟಕ್ ಎಂದಿತು. ಸೈನಿಕ ಕೈಗೆ ಬಂದ. ಪಾದಗಳೆರಡೂ ಪೀಠದ ಮೇಲೆ ಹಾಗೇ ನಿಂತಿದ್ದವು.

ಮೇಷ್ಟ್ರಿಗೆ ಪಾದ ಕಾಣಲಿಲ್ಲ. ಕಾಲಿನ ತುದಿಯನ್ನು ಬೆರಳಿನಿಂದ ಸವರಿ ನೋಡಿದರು. ಎರಡನೆಯವನು ಸೋತ. ಈ ಸಲ ಬಹಳ ಮೆತ್ತಗೆ ಎತ್ತಿದರು. ಮತ್ತೆ ಟಕ್.

ಮೇಷ್ಟ್ರು ಇಬ್ಬರನ್ನೂ ಮೇಜಿನ ಅಂಚಿನಲ್ಲಿ ಮಲಗಿಸಿದರು. ಎರಡೂ ಕೈಗಳನ್ನು ತೊಡೆಯ ಮೇಲೆ ಇಟ್ಟುಕೊಂಡರು.

"ಕಣ್ಣೊಂದೇ ಹೋಗ್ತಿದೆ ಅಂದ್ಕೊಂಡಿದ್ದೆ. ಕೈಯೂ ಹೋಯ್ತು ಕಣೋ. ನಿನ್ನ ಇಷ್ಟು ದಿನದ ಕೆಲಸ ಹಾಳು ಮಾಡ್ತಿದೀನಿ. ಎತ್ತಿಟ್ಟುಬಿಡು."

ತಗಡಿನವನ ಮಾತು ಆಗ ಗಡಿಯಾರದವನಿಗೆ ಅರ್ಥವಾಯಿತು. ಬೀಳಿಸಲು ಅವನು ನೂರು ಬಗೆಯಲ್ಲಿ ನೋಡಿದ್ದ. ಎತ್ತಲು ಒಂದೇ ಬಗೆಯಲ್ಲಿ ನೋಡಿದ್ದ, ಅದೂ ತನ್ನ ಉಗುರಿನಿಂದ. ಹಿಡಿತ ಕಾಲಡಿಯಲ್ಲಿತ್ತು. ಸಣ್ಣಗೆ ಕೆತ್ತಿದ ಆ ಗಂಟು ಇಷ್ಟು ಹಿಡಿತವನ್ನು ತಡೆಯುತ್ತದೆಯೇ ಎಂದು ಕೇಳಿಕೊಂಡೇ ಇರಲಿಲ್ಲ.

"ತಪ್ಪು ನಿಮ್ಮ ಕೈಯದಲ್ಲ ಮೇಷ್ಟ್ರೇ, ನಂದು" ಎಂದ.

ಮೇಷ್ಟ್ರು ನಕ್ಕರು. ಸಮಾಧಾನಕ್ಕೆ ಹೇಳಿದ ಮಾತು ಎಂದು ನಕ್ಕ ನಗೆ ಅದು. ಅವರು ಕೈಯನ್ನು ಮೇಜಿನ ಮೇಲೆ ಇಡಲಿಲ್ಲ.

ಆಗ ಗಡಿಯಾರದವನು ತನ್ನ ನೀಲಿ ಸೇನಾಪತಿಯನ್ನು ತಟ್ಟೆಯೊಡನೆ ಮೇಷ್ಟ್ರ ಕಣ್ಣಿನ ಹತ್ತಿರಕ್ಕೆ ತಂದ. ಆ ಒಬ್ಬನನ್ನು ಕೆತ್ತಲು ಅವನಿಗೆ ಒಂದು ತಿಂಗಳು ಹಿಡಿದಿತ್ತು. ಕತ್ತಿಯ ಹಿಡಿಯಲ್ಲಿ ಹೂವಿನ ಕೆಲಸವಿತ್ತು. ಮೇಷ್ಟ್ರ ಬೆರಳುಗಳನ್ನು ತನ್ನ ಬೆರಳುಗಳ ಮೇಲೆ ಇರಿಸಿಕೊಂಡ. ಭುಜ ಹಿಡಿದು, ನೇರವಾಗಿ ಎತ್ತಿದ.

ಟಕ್.

"ನನ್ನ ಕೈ ಹೋಗಿಲ್ಲವಲ್ಲ ಮೇಷ್ಟ್ರೇ" ಎಂದ.

ಮೇಷ್ಟ್ರು ಸೇನಾಪತಿಯ ಮುರಿದ ಕಾಲನ್ನು ಬೆರಳಿನಿಂದ ಸವರಿ ನೋಡಿದರು. ಆಮೇಲೆ ತೊಡೆ ತಟ್ಟಿಕೊಂಡು ನಕ್ಕರು. "ಅಲ್ಲ ಕಣೋ ಪೆದ್ದೇ, ಇಷ್ಟು ಗಟ್ಟಿಯಾಗಿ ಯಾಕೆ ಮಾಡಿದೆ?"

"ನೀವು ಕಾಯ್ತಿದ್ರಿ. ಹೆದರಿಕೆಯಾಯ್ತು" ಎಂದ ಗಡಿಯಾರದವನು. ಅವನ ಕಣ್ಣು ತುಂಬಿತ್ತು.

ಗೋಡೆಯ ಮೇಲೆ ಹಳೆಯ ಕ್ಯಾಲೆಂಡರೊಂದು ನೇತಾಡುತ್ತಿತ್ತು. ಅದರ ಹಿಂದಿನ ರಟ್ಟನ್ನು ಕತ್ತರಿಸಿ ಹನ್ನೆರಡು ಪಟ್ಟಿ ಮಾಡಿದರು. ಸೈನಿಕರನ್ನು ಉಗುರಿನಿಂದ ಒಬ್ಬೊಬ್ಬರನ್ನೇ ಬಿಡಿಸಿ, ತಗಡಿನ ಮೇಲೆ ರಟ್ಟು ಹಾಸಿ, ಮತ್ತೆ ನಿಲ್ಲಿಸಿದರು. ಈಗ ಪೀಠಕ್ಕೂ ತಗಡಿಗೂ ನಡುವೆ ರಟ್ಟಿನ ದಪ್ಪದಷ್ಟು ಜಾಗವಿತ್ತು. ಅಷ್ಟೇ. ಭುಜ ಹಿಡಿದು ಎತ್ತಿದರೆ ಸೈನಿಕ ಕಾಲುಸಮೇತ, ಪೀಠಸಮೇತ ಎದ್ದು ಬಂದ. ಮೇಷ್ಟ್ರ ಕೈ ಮೇಜಿನ ಮೇಲಕ್ಕೆ ವಾಪಸು ಬಂತು.

ಸಂಜೆಯವರೆಗೆ ಆಡಿದರು. ಜೋರಾಗಿ ನೂಕಿದಾಗ ಒಂದಿಬ್ಬರು ಉರುಳಿದರು. ಹೊಳೆ ದಾಟುವಾಗ ನಾಲ್ವರು ಉರುಳಿದರು. ಎತ್ತಿ ನಿಲ್ಲಿಸಿದರು, ಮುಂದೆ ಆಡಿದರು. ಸೇನಾಪತಿಯಿಲ್ಲದ ನೀಲಿ ಸೈನ್ಯ ಸೋತಿತು. ಸೋತವನು ಬಸ್ಸಿನಲ್ಲಿ ಊರು ಸೇರುವವರೆಗೂ ಒಬ್ಬನೇ ನಗುತ್ತಿದ್ದನಂತೆ.

ಗುರುಗಳು ಕತೆ ನಿಲ್ಲಿಸಿ, ತಂಬಿಗೆಯಿಂದ ನೀರು ಕುಡಿದರು. ನಿಯಮಗಳ ಹಾಳೆ ಇಬ್ಬರ ನಡುವೆ ಚಾಪೆಯ ಮೇಲಿತ್ತು.

ಶಿವರುದ್ರ ಅದರ ಮೇಲೆ ಕೈಯಿಟ್ಟ. "ಕತೆ ಚೆನ್ನಾಗಿದೆ ಬುದ್ಧೀ. ಹಿಡಿತ ಸ್ವಲ್ಪ ಸಡಿಲ ಮಾಡು ಎನ್ನುತ್ತೀರಿ. ಆದರೆ ನನ್ನ ಹಿಡಿತದಿಂದ ಕೆಟ್ಟದ್ದೇನೂ ಆಗಿಲ್ಲವಲ್ಲ? ಹದಿನೇಳು ಮಂದಿ ಹೋದರು, ನಿಜ. ಹನ್ನೊಂದು ಮಂದಿ ಗಟ್ಟಿಯಾಗಿ ನಿಂತಿದ್ದಾರೆ."

ಗುರುಗಳು ಕನ್ನಡಕ ಹಾಕಿಕೊಂಡು ಅವನನ್ನು ನೋಡಿದರು.

"ನಿಂತಿರುವುದು ಹನ್ನೊಂದು ಮಂದಿಯೋ, ಹನ್ನೊಂದು ಜೊತೆ ಪಾದಗಳೋ?"

ಶಿವರುದ್ರ ಹಾಳೆಯ ಮೇಲಿಂದ ಕೈ ತೆಗೆದ.