ಬಾವಿ ತೋಡುವವನು ಹಿಂದಿರುಗಿಸಿದ ಕಂಪ್ಯೂಟರ್

ಈಗ ಹೇಳುವ ಕತೆಯ ಒಂದೊಂದು ಮಾತೂ ನಿಜ. ನನ್ನ ಹಾರ್ಮೋನಿಯಂ ಮುಟ್ಟಿ ಹೇಳುತ್ತೇನೆ, ಸುಳ್ಳಾಡಿದರೆ ಇದರ ಸ್ವರಗಳೆಲ್ಲ ಮೂಕವಾಗಲಿ. ಎರಡು ಸ್ವರ ಈಗಾಗಲೇ ಮೂಕವಾಗಿವೆ. ಅದು ಇಲಿಯ ಕೆಲಸ.

ಸರ್ಕಾರಿ ನೌಕರಿಯಿಂದ ನಿವೃತ್ತನಾದ ಮೇಲೆ ನಾನು ಹಾರ್ಮೋನಿಯಂ ಕಲಿಸುತ್ತಿದ್ದೇನೆ. ಸುತ್ತಲಿನ ಏಳು ಊರುಗಳಲ್ಲಿ ನನ್ನನ್ನು ಮೀರಿಸುವ ಗುರು ಇಲ್ಲ. ಉಳಿದ ಆರು ಊರುಗಳಲ್ಲಿ ಹಾರ್ಮೋನಿಯಮ್ಮೇ ಇಲ್ಲ ಎಂಬುದು ಬೇರೆ ಮಾತು.

ನನ್ನ ಶಿಷ್ಯರಲ್ಲಿ ದಾದಾಪೀರ್ ಎಂಬವನೊಬ್ಬ. ಹಿತ್ತಾಳೆ ಪಾತ್ರೆಗಳಿಗೆ ಕಲಾಯಿ ಹಾಕುವವನು. ಒಂದು ಸಂಜೆ ಅವನು ಹಾರ್ಮೋನಿಯಂ ಪೆಟ್ಟಿಗೆ ಮುಟ್ಟದೆ ಕುಳಿತು ಕೇಳಿದ:

“ಮೇಷ್ಟ್ರೇ, ಬಿಟ್ಟಿ ಕೊಟ್ಟದ್ದನ್ನ ತಲೆ ತಗ್ಗಿಸದೆ ತಗೊಳ್ಳೋದು ಹೇಗೆ?”

ಯಾಕೆಂದು ವಿಚಾರಿಸಿದೆ. ಬಡವರ ಮಕ್ಕಳಿಗೆ ಮನೆಯಲ್ಲಿಟ್ಟು ಓದಿಕೊಳ್ಳಲು ಸರ್ಕಾರ ಕಂಪ್ಯೂಟರ್ ಕೊಡುತ್ತಿತ್ತು. ಅವನ ಮಗಳ ಹೆಸರು ಬಂದಿತ್ತು. ಮೂರು ವರ್ಷ ಇಟ್ಟುಕೊಂಡು, ಹತ್ತನೇ ತರಗತಿ ಮುಗಿದ ಮೇಲೆ ಹಿಂದಿರುಗಿಸಬೇಕು. ತಂದೆ ಬಂದು ರುಜು ಹಾಕಲು ಮರುದಿನವೇ ಕೊನೆಯ ದಿನ. ಇವನು ಹೋಗುವುದಿಲ್ಲ ಎಂದು ಕುಳಿತಿದ್ದ. ಮಗಳು ಎರಡು ದಿನದಿಂದ ಅಪ್ಪನೊಡನೆ ಮಾತು ಬಿಟ್ಟಿದ್ದಳು.

“ಕೆಲಸ ಮಾಡದೆ ಯಾರ ಹತ್ತಿರಾನೂ ಒಂದು ಲೋಟ ಚಹಾ ಕುಡಿದವನಲ್ಲ ನಾನು,” ಎಂದ.

“ನನ್ನ ಮನೇಲಿ ದಿನಾ ಕುಡೀತೀಯಲ್ಲೋ?”

“ನಿಮ್ಮ ಹಾರ್ಮೋನಿಯಂ ಕೇಳ್ತೀನಲ್ಲ ಮೇಷ್ಟ್ರೇ, ಅದೂ ಕೆಲಸಾನೇ.”

ಇಂಥ ಶಿಷ್ಯನ ಬಾಯಿ ಮುಚ್ಚಿಸಲು ಗುರುವಿಗೆ ಉಳಿಯುವುದು ಒಂದೇ ದಾರಿ. ಕತೆ ಹೇಳಿದೆ.

ಒಬ್ಬ ಬಾವಿ ತೋಡುವವನಿದ್ದ. ಅವನಿಗೆ ಹೆಂಡತಿ, ಒಬ್ಬಳು ಮಗಳು. ಗಂಡನಿಗೂ ಹೆಂಡತಿಗೂ ಓದು ಬಾರದು. ಕೊಳವೆಬಾವಿ ಕೊರೆಯುವ ಯಂತ್ರ ಬಂದ ಮೇಲೆ ಅವನನ್ನು ಕರೆಯುವವರು ಕಡಿಮೆಯಾದರು. ಮಗಳಿಗೆ ಸರ್ಕಾರದ ಮಡಚುವ ಕಂಪ್ಯೂಟರ್ ಬಂತು. ಅದನ್ನು ಕೊಡುವ ಗೋದಾಮಿನಲ್ಲಿ ಒಬ್ಬ ಗುಮಾಸ್ತನಿದ್ದ. ಬಹಳ ಬುದ್ಧಿವಂತ, ನೋಡಲೂ ಲಕ್ಷಣವಾಗಿದ್ದ, ಅವನಂಥ ದುಂಡು ಅಕ್ಷರ ಜಿಲ್ಲೆಯಲ್ಲಿ ಯಾರದೂ ಇರಲಿಲ್ಲ. ಅವನು ನಿಯಮ ಓದಿ ಹೇಳಿದ. ಮೂರು ವರ್ಷದ ನಂತರ ವಾಪಸ್ ತರಬೇಕು. ಒಳಗಿರುವುದನ್ನೆಲ್ಲ ಅಳಿಸಿ ಇನ್ನೊಂದು ಮಗುವಿಗೆ ಕೊಡಲಾಗುವುದು.

ದಾರಿಯಲ್ಲಿ ಹೆಂಡತಿ ಕೇಳಿದಳು. “ವಾಪಸ್ ಕೊಡುವಾಗ ಏನು ಹಾಕಿ ಕೊಡೋದು?”

ನಮ್ಮ ಕಡೆ, ಪಕ್ಕದ ಮನೆಯವರು ಪಲ್ಯ ಕೊಟ್ಟ ಬಟ್ಟಲನ್ನು ಖಾಲಿ ಹಿಂದಿರುಗಿಸುವುದಿಲ್ಲ. ಏನೂ ಇಲ್ಲದಿದ್ದರೆ ಒಂದು ಚಿಟಿಕೆ ಸಕ್ಕರೆಯಾದರೂ ಹಾಕಿ ಕೊಡುತ್ತೇವೆ.

“ಅದು ಬಟ್ಟಲಲ್ಲ ಕಣೇ,” ಎಂದ ಗಂಡ.

“ಬಟ್ಟಲನ್ನೇ ಖಾಲಿ ಕೊಡದೋರು ಇದನ್ನ ಖಾಲಿ ಕೊಡ್ತೀವಾ?”

ಅವಳು ತಡಮಾಡುವ ಹೆಂಗಸಲ್ಲ. ಮೂರು ವರ್ಷ ಕಳೆದ ಮೇಲೆ ಮರೆತುಹೋದೀತು ಎಂದು, ಮನೆಗೆ ಹೋದವಳೇ ಅದನ್ನು ತೆರೆದು ಅಕ್ಷರದ ಗುಂಡಿಗಳ ಮೇಲೆ ಒಂದಚ್ಚು ಬೆಲ್ಲ ಇಟ್ಟು ಮುಚ್ಚಿದಳು. ಬೆಲ್ಲ ದಪ್ಪ, ಮುಚ್ಚಳ ಪೂರ್ತಿ ಕೂರಲಿಲ್ಲ. ಬೆಳಗಾಗುವಷ್ಟರಲ್ಲಿ ಊರಿನ ಇರುವೆಗಳೆಲ್ಲ ಕಂಪ್ಯೂಟರ್ ಕಲಿಯಲು ಬಂದಿದ್ದವು. ಮಗಳು ಕೋಳಿಪುಕ್ಕ ಹಿಡಿದು ಒಂದು ಹಗಲೆಲ್ಲ ಗುಡಿಸಿದಳು.

“ಅವ್ವಾ, ಇದು ಬೆಲ್ಲ ಹಿಡಿಯಲ್ಲ. ಮಾತು ಹಿಡಿಯುತ್ತೆ, ಚಿತ್ರ ಹಿಡಿಯುತ್ತೆ. ನಮಗೆ ಗೊತ್ತಿರೋದನ್ನ ಮಾತ್ರ ಇದಕ್ಕೆ ತುಂಬಬಹುದು.”

ಹೆಂಡತಿ ಗಂಡನ ಮುಖ ನೋಡಿದಳು. ಗಂಡ ನೆಲ ನೋಡಿದ.

“ನನಗೇನು ಗೊತ್ತು? ಬಾವಿ ಗೊತ್ತು,” ಎಂದ.

“ಅದನ್ನೇ ಹೇಳು,” ಎಂದಳು ಹೆಂಡತಿ.

ಅಂದಿನಿಂದ ಮಗಳ ಪಾಠ ಮುಗಿದ ಮೇಲೆ ದಿನಕ್ಕೊಂದು ಬಾವಿ. ಅವನು ಹೇಳುವನು, ಮಗಳು ಬರೆಯುವಳು. ಯಾರ ಹಿತ್ತಿಲು, ಎಷ್ಟಾಳು ಆಳ, ಯಾವ ಮಣ್ಣು ಮುಗಿದು ಯಾವ ಕಲ್ಲು ಬಂತು, ಸೆಲೆ ಯಾವ ದಿಕ್ಕಿನಿಂದ ಒಡೆಯಿತು, ನೀರು ಸಿಹಿಯೋ ಸಪ್ಪೆಯೋ. ಮುಚ್ಚಿಹೋದ ಬಾವಿಗಳನ್ನೂ ಬಿಡಲಿಲ್ಲ. ಬಸ್ ನಿಲ್ದಾಣದ ಕೆಳಗಿನದು, ಬ್ಯಾಂಕಿನ ಕೆಳಗಿನದು, ಮದುವೆ ಛತ್ರದ ಅಡುಗೆಮನೆಯ ಕೆಳಗಿನದು. ನೆನಪು ಸಾಲದಾದಾಗ ಆ ಜಾಗಕ್ಕೇ ಹೋಗಿ ಚಪ್ಪಲಿ ಬಿಟ್ಟು ಕಣ್ಣು ಮುಚ್ಚಿ ನಿಲ್ಲುವನು. ಬ್ಯಾಂಕಿನ ಕಾವಲುಗಾರ ಎರಡು ಸಲ ಅವನನ್ನು ಹೊರಗೆ ಕಳಿಸಿದ. ಮೂರನೆಯ ಸಲ ತಾನೂ ಬೂಟು ಬಿಚ್ಚಿ ಪಕ್ಕದಲ್ಲಿ ನಿಂತ. ತಾನು ತೋಡಿದ ಬಾವಿಗಳು ಮುಗಿದಾಗ ಅಪ್ಪ ತೋಡಿದವು ಬಂದವು. ಅವೂ ಮುಗಿದಾಗ ಅಜ್ಜ ತೋಡಿದವು.

ವಾರಕ್ಕೊಮ್ಮೆ ಹೆಂಡತಿ ಕೇಳುವಳು. “ತುಂಬಿತಾ?”

“ನೂರರಲ್ಲಿ ಒಂದು ಪಾಲೂ ತುಂಬಿಲ್ಲವ್ವಾ.”

ಅವಳು ಅದನ್ನು ಸುತ್ತಿ ಬಂದು ನೋಡುವಳು. ಎರಡು ಬೆರಳು ದಪ್ಪವಿಲ್ಲ. “ಎಂಥಾ ಪಾತ್ರೆ ಕೊಟ್ಟಾರೆ ನೋಡು,” ಎಂದು ಗಂಡನಿಗೆ ಹೇಳುವಳು. “ಇನ್ನೂ ನೆನಪು ಮಾಡ್ಕೋ.”

ಮೂರು ವರ್ಷ ಮುಗಿಯಿತು. ಹುಡುಗಿ ಪಾಸಾದಳು. ಮೂವರೂ ಕಂಪ್ಯೂಟರ್ ಹಿಡಿದು ಗೋದಾಮಿಗೆ ಬಂದರು. ಗುಮಾಸ್ತ ಎಲ್ಲವನ್ನೂ ಅಳಿಸುವ ಗುಂಡಿಯ ಮೇಲೆ ಬೆರಳಿಟ್ಟ.

“ಸ್ವಾಮಿ, ಏನು ಹಾಕಿದೀವಿ ಅಂತ ನೋಡದೆ ಚೆಲ್ಲಬಾರದು,” ಎಂದಳು ಹೆಂಡತಿ.

ಗುಮಾಸ್ತ ತೆರೆದ. ಊರಿನ ನಕ್ಷೆ ಬಂತು. ಅದರ ಮೇಲೆ ನೀಲಿ ಚುಕ್ಕೆಗಳು, ಸಾವಿರಕ್ಕೆ ಹನ್ನೊಂದು ಕಡಿಮೆ. ಪ್ರತಿ ಚುಕ್ಕೆಗೂ ಸೆಲೆ ಬಂದ ದಿಕ್ಕಿಗೆ ಮಗಳು ಒಂದು ಗೆರೆ ಎಳೆದಿದ್ದಳು. ಹಿಂದಿನ ದಿನವಷ್ಟೇ ಆ ಗೆರೆಗಳನ್ನು ಒಂದಕ್ಕೊಂದು ಜೋಡಿಸಿದ್ದಳು. ಊರಿನ ಕೆಳಗೆ ಒಂದು ಹೊಳೆ ಹರಿಯುತ್ತಿತ್ತು. ಸಂತೆಮಾಳದ ಕೆಳಗೆ ಎರಡಾಗಿ, ಶಾಲೆಯನ್ನು ಬಳಸಿ, ಊರಾಚೆ ಮತ್ತೆ ಒಂದಾಗುತ್ತಿತ್ತು. ಅದಕ್ಕೆ ಹೆಸರಿರಲಿಲ್ಲ. ಎಪ್ಪತ್ತು ಸಾವಿರ ಜನ ಅದರ ಮೇಲೆ ಓಡಾಡುತ್ತಿದ್ದರು. ಮೂರು ತಲೆಮಾರಿನವರು ಒಂದೊಂದೇ ಗುಂಡಿಯಿಂದ ಅದನ್ನು ಇಣುಕಿ ನೋಡಿದ್ದರು. ಇಡಿಯಾಗಿ ಯಾರೂ ನೋಡಿರಲಿಲ್ಲ. ಬಾವಿ ತೋಡುವವನೂ ಆಗಲೇ ಮೊದಲು ನೋಡಿದ್ದು. ಅವನು ತಲೆಯ ವಸ್ತ್ರ ತೆಗೆದು ಕೈಯಲ್ಲಿ ಹಿಡಿದುಕೊಂಡ.

ಗುಮಾಸ್ತ ನಕ್ಷೆಯಲ್ಲಿ ತನ್ನ ಗೋದಾಮನ್ನು ಹುಡುಕಿದ. ಅಲ್ಲೂ ಒಂದು ಚುಕ್ಕೆ.

“ಅದು ನಿಮ್ಮ ಕುರ್ಚಿ ಕೆಳಗಿಂದು ಸ್ವಾಮಿ,” ಎಂದ ಬಾವಿ ತೋಡುವವನು. “ನಮ್ಮಪ್ಪ ತೋಡಿದ್ದು. ಹದಿನಾಲ್ಕಾಳು. ಮೇಲೆ ಚಪ್ಪಡಿ ಹಾಕ್ಯಾರೆ. ನೀರು ಬಾಳ ಸಿಹಿ.”

ಗುಮಾಸ್ತ ಆ ಕುರ್ಚಿಯಲ್ಲಿ ಇಪ್ಪತ್ತೆರಡು ವರ್ಷ ಕುಳಿತಿದ್ದ. ಪಕ್ಕದಲ್ಲಿ ಪೇಟೆಯಿಂದ ತರಿಸಿದ ನೀರಿನ ಕ್ಯಾನು. ಅವನು ಎದ್ದು ನಿಂತು ಆ ಮೂವರಿಗೂ ಕೈಮುಗಿದ. ಅಳಿಸಲಿಲ್ಲ. ಹಿಂದಿರುಗಿದ ವಸ್ತುವಿನ ಸ್ಥಿತಿ ಎಂಬಲ್ಲಿ ‘ಚೆನ್ನಾಗಿದೆ’ ಎಂದೋ ‘ಒಡೆದಿದೆ’ ಎಂದೋ ಬರೆಯುವುದು ರೂಢಿ. ಅವನು ತನ್ನ ದುಂಡು ಅಕ್ಷರದಲ್ಲಿ ‘ತುಂಬಿದೆ’ ಎಂದು ಬರೆದ. ಮುಂದಿನ ಮಗು ಅದನ್ನು ಬಾವಿಗಳ ಸಮೇತ ಮನೆಗೆ ಕೊಂಡೊಯ್ದಿತು.

ನಾನು ಕತೆ ನಿಲ್ಲಿಸಿದೆ. ದಾದಾಪೀರ್ ತನ್ನ ಕಪ್ಪಾದ ಬೆರಳುಗಳನ್ನು ತಿರುಗಿಸಿ ನೋಡಿಕೊಂಡ.

“ಅವನಿಗೆ ಬಾವಿ ಗೊತ್ತಿತ್ತು ಮೇಷ್ಟ್ರೇ. ನಾನು ಕಲಾಯಿಯವನು. ಸ್ಟೀಲು ಬಂದ ಮೇಲೆ ನಮ್ಮ ವಿದ್ಯೆ ಯಾರಿಗೆ ಬೇಕು? ನನ್ನ ಹತ್ತಿರ ತುಂಬೋಕೆ ಏನಿದೆ?”

“ಅದನ್ನು ಹುಡುಕಲೆಂದೇ ಮೂರು ವರ್ಷ ಕೊಟ್ಟಿದ್ದಾರೆ,” ಎಂದೆ.

ಅವನು ಎದ್ದು ಹೊರಡುವಾಗ ರುಜು ಹಾಕಲು ನನ್ನ ಪೆನ್ನು ಇಸಿದುಕೊಂಡು ಹೋದ. ಇನ್ನೂ ಹಿಂದಿರುಗಿಸಿಲ್ಲ. ಏನೋ ತುಂಬುತ್ತಿರಬೇಕು.

ಕತೆಯಲ್ಲಿ ಒಂದೇ ಒಂದು ಸಣ್ಣ ವಿಷಯ ನಾನು ಕಟ್ಟಿದ್ದು. ಗುಮಾಸ್ತ ಎದ್ದು ನಿಂತ ಎಂದೆನಲ್ಲ, ಅದು. ಕೆಳಗೆ ಹದಿನಾಲ್ಕಾಳು ಬಾವಿ ಇದೆ ಎಂದು ತಿಳಿದ ಮೇಲೆ ಕಾಲು ಊರಲು ನನಗೆ ಧೈರ್ಯ ಬರಲಿಲ್ಲ. ಕುರ್ಚಿಯ ಮೇಲೆ ಚಕ್ಕಳಮಕ್ಕಳ ಹಾಕಿ ಕುಳಿತೇ ಕೈಮುಗಿದೆ.