ಸೋಸಿ ಸೋಸಿ ಆರಿದ ಹಾಲು

"ಗುರುಗಳೇ, ನೈವೇದ್ಯಕ್ಕೆ ನನ್ನ ಎಂಜಲು ಸಿಡಿಯಿತೋ ಏನೋ ಎಂದು ದಿನವೂ ನಿಮ್ಮನ್ನು ಕೇಳುತ್ತೇನೆ. 'ಇಲ್ಲ ಕಣಪ್ಪ' ಎನ್ನುತ್ತಿದ್ದಿರಿ. ಇವತ್ತು ಯಾಕೆ ಏನೂ ಹೇಳದೆ ಕೂತಿದ್ದೀರಿ? ನನ್ನ ಮೇಲೆ ಕರುಣೆ ಇಲ್ಲವೇ?" ಎಂದು ಶಿಷ್ಯ ಕರಿಬಸವ ಕೇಳಿದ. ಎಂಜಲಾಯಿತೇನೋ ಎಂದು ಚೆಲ್ಲಿ ಮತ್ತೆ ಬೇಯಿಸಿದ ಅನ್ನದ ತಟ್ಟೆ ಅವನ ಕೈಯಲ್ಲಿತ್ತು. ಪೂಜೆಯ ಹೊತ್ತು ಮೀರಿತ್ತು.

ಗುರುಗಳು ತಟ್ಟೆಯನ್ನು ಇಸಿದುಕೊಂಡು ಪಕ್ಕಕ್ಕಿಟ್ಟರು. "ಕರುಣೆ ಇರುವುದಕ್ಕೇ ಸುಮ್ಮನಿದ್ದೇನೆ. ಕೂತುಕೊ. ಒಂದು ಮನೆಯ ಕತೆ ಹೇಳುತ್ತೇನೆ" ಎಂದರು.

ಒಂದೂರಿನಲ್ಲಿ ಒಬ್ಬ ಗಾಣಿಗನಿದ್ದ. ಅವನ ಎಳ್ಳೆಣ್ಣೆ ಎಂದರೆ ಜನ ಮುಗಿಬೀಳುತ್ತಿದ್ದರು. ಅವನ ಹೆಂಡತಿ ಮನೆವಾರ್ತೆಯಲ್ಲಿ ಎತ್ತಿದ ಕೈ. ಆದರೆ ಆ ಗಾಣಿಗಿತ್ತಿಗೆ ಒಂದು ಭಯ. ಎಣ್ಣೆಗೆ ಹಲ್ಲಿ ಬಿದ್ದಿದ್ದರೆ? ಆ ಎಣ್ಣೆ ಉಂಡು ಯಾರಾದರೂ ಸತ್ತರೆ? ಎಣ್ಣೆ ತೆಗೆಯುವ ಮನೆಯ ಗೋಡೆಯ ಮೇಲೆ ಹಲ್ಲಿ ಇಲ್ಲದೆ ಇರುತ್ತದೆಯೇ? ಹಾಗಾಗಿ ಅವಳ ಭಯಕ್ಕೆ ಮೇವು ಕಡಿಮೆಯಾಗಲಿಲ್ಲ.

ಅವಳು ಸೋಸಿದ ಎಣ್ಣೆಯನ್ನು ಮತ್ತೆ ಸೋಸುತ್ತಿದ್ದಳು. ಮುಚ್ಚಿದ ಕೊಡದ ಮುಚ್ಚಳ ತೆಗೆದು ನೋಡುತ್ತಿದ್ದಳು. ಆಮೇಲೆ ಗಂಡನನ್ನು ಕರೆಯುತ್ತಿದ್ದಳು. ಗಾಣಿಗ ಎತ್ತು ನಿಲ್ಲಿಸಿ ಬಂದು, ಕೊಡದೊಳಗೆ ಬಗ್ಗಿ ನೋಡಿ, ಏನೂ ಬಿದ್ದಿಲ್ಲ ಎನ್ನುತ್ತಿದ್ದ. ಅವಳಿಗೆ ಹೋದ ಜೀವ ಬಂದಂತಾಗುತ್ತಿತ್ತು. ಅವನು ತಿರುಗಿ ಗಾಣ ಸೇರುವಷ್ಟರಲ್ಲಿ ಎದೆ ಮತ್ತೆ ಡವಡವ. ಅವನು ಸರಿಯಾಗಿ ನೋಡಿದನೋ ಇಲ್ಲವೋ!

ಪಾಪ, ಗಾಣಿಗ ಒಳ್ಳೆಯವನು. ಒಂದು ದಿನವೂ ಗದರಲಿಲ್ಲ, ಕರೆದಾಗಲೆಲ್ಲ ಬಂದ. ಬರಬರುತ್ತ ಕರೆಯದಿದ್ದರೂ ಬಂದು ನೋಡತೊಡಗಿದ. ಬೆಳೆದ ಮಗನೂ ನೋಡಿದ. ಕೊನೆಕೊನೆಗೆ ಆ ಮನೆಯ ಕೊಡಗಳಿಗೆ ಮುಚ್ಚಳ ಮುಚ್ಚಿರುವುದೇ ಅಪರೂಪವಾಯಿತು. ಹಲ್ಲಿಗಳಿಗೆ ಇದಕ್ಕಿಂತ ಅನುಕೂಲ ಬೇಕೇ! ಎಣ್ಣೆ ಕೊಳ್ಳಲು ಬಂದವರು ಕಾದು ಕಾದು ಬೇರೆ ಗಾಣ ಹುಡುಕಿಕೊಂಡರು.

ಮಗನಿಗೆ ಮದುವೆಯಾಗಿ ಸೊಸೆ ಬಂದಳು. ಮೊದಮೊದಲು ಇದನ್ನೆಲ್ಲ ಕಂಡು ಬಾಯಿಗೆ ಸೆರಗು ಮುಚ್ಚಿ ನಕ್ಕಳು. ಆಮೇಲೆ ಅತ್ತೆಯ ಸಂಕಟ ನೋಡಲಾರದೆ ತಾನೂ ಬಗ್ಗಿ ನೋಡಿದಳು. ನೋಡಿ ನೋಡಿ ಆ ಭಯ ಅವಳಿಗೂ ಅಂಟಿತು.

ಅವಳಿಗೊಂದು ಹೆಣ್ಣುಮಗು ಹುಟ್ಟಿತು. ಎದೆಹಾಲು ಸಾಲದೆ ಹಸುವಿನ ಹಾಲನ್ನು ಒಳಲೆಯಲ್ಲಿ, ಆ ಮೂತಿಯಿರುವ ಪುಟ್ಟ ಬಟ್ಟಲಿನಲ್ಲಿ, ಕುಡಿಸಬೇಕಿತ್ತು. ಒಂದು ಬೆಳಿಗ್ಗೆ ಮಗು ಹಸಿವಿನಿಂದ ಕಿರುಚುವುದು ಗಾಣಿಗಿತ್ತಿಗೆ ಕೇಳಿಸಿತು. ಎಷ್ಟು ಹೊತ್ತಾದರೂ ಅಳು ನಿಲ್ಲಲಿಲ್ಲ. ಅಡುಗೆಮನೆಗೆ ಬಂದು ನೋಡಿದರೆ, ಸೊಸೆ ಹಾಲು ಸೋಸುತ್ತಿದ್ದಾಳೆ. ಸೋಸಿದ್ದನ್ನೇ ಮತ್ತೆ ಸೋಸುತ್ತಿದ್ದಾಳೆ. ಹಾಲು ಆರಿ ತಣ್ಣಗಾಗಿದೆ. ಮಗುವಿನ ಗಂಟಲು ಕಟ್ಟಿಹೋಗಿದೆ. ಆದರೂ ಸೊಸೆಯ ಕೈ ನಿಲ್ಲುತ್ತಿಲ್ಲ.

ಗಾಣಿಗಿತ್ತಿ ಆ ಕೈಗಳನ್ನೇ ನೋಡಿದಳು. ಸೋಸುವ ಬಟ್ಟೆಯನ್ನು ಹಿಡಿಯುವ ರೀತಿ, ಅದನ್ನು ಬೆಳಕಿಗೆ ಎತ್ತಿ ನೋಡುವ ರೀತಿ, ಎಲ್ಲ ತನ್ನದೇ.

"ಅತ್ತೆ, ನೀವೊಂದು ಸಲ ನೋಡಿ. ಏನೂ ಬಿದ್ದಿಲ್ಲ ಅಂತ ಹೇಳಿಬಿಡಿ, ಕುಡಿಸ್ತೀನಿ" ಎಂದು ಸೊಸೆ ಗೋಗರೆದಳು.

'ಬಿದ್ದಿಲ್ಲ' ಎಂಬ ಮಾತು ಗಾಣಿಗಿತ್ತಿಯ ನಾಲಿಗೆಯ ತುದಿಗೆ ಬಂತು. ಹೇಳಿಬಿಡುವುದು ಎಷ್ಟು ಸುಲಭ! ಆದರೆ ಜೀವಮಾನವೆಲ್ಲ ಆ ಮಾತನ್ನು ಬೇಡಿ ಬದುಕಿದವಳು ಅವಳು. ಅದು ಎಷ್ಟು ಹೊತ್ತು ಬಾಳುತ್ತದೆ ಎಂದು ಅವಳಿಗೆ ಗೊತ್ತಿತ್ತು. ಇವತ್ತು ಹೇಳಿದರೆ ನಾಳೆಯೂ ಹೇಳಬೇಕು. ಮುಂದೆ ಈ ಮಗುವೂ ಬೆಳೆದು ಕೊಡದೊಳಗೆ ಬಗ್ಗಿ ನೋಡುತ್ತದೆ. ಅಯ್ಯೋ, ಬೇಡವೇ ಬೇಡ. ಅವಳು ಹಾಲಿನ ಕಡೆ ಕಣ್ಣು ಹಾಯಿಸಲಿಲ್ಲ. ನೋಡದೆ ನಿಂತದ್ದಕ್ಕೇ ಮೈಯೆಲ್ಲ ಬೆವೆತು ನೀರಾಯಿತು.

"ನನಗೂ ಗೊತ್ತಿಲ್ಲ ಕಣೇ ತಾಯಿ. ಬಾ, ಕುಡಿಸು. ನಾನೂ ಜೊತೆಗೆ ಕೂತ್ಕೋತೀನಿ" ಎಂದಳು.

ಸೊಸೆಯ ಕೈಯಿಂದ ಬಟ್ಟೆಯನ್ನು ಬಿಡಿಸಿ ತನ್ನ ಸೊಂಟಕ್ಕೆ ಸಿಕ್ಕಿಸಿಕೊಂಡಳು. ಹಾಲನ್ನು ಬೆಚ್ಚಗೆ ಮಾಡಿ ಒಳಲೆಗೆ ಸುರಿದಳು. ಮಗುವನ್ನು ಎತ್ತಿ ಸೊಸೆಯ ಮಡಿಲಲ್ಲಿಟ್ಟಳು. ಸೊಸೆ ಗಳಗಳನೆ ಅತ್ತಳು. ಅತ್ತೆ ಅವಳ ಬೆನ್ನ ಮೇಲೆ ಕೈಯಿಟ್ಟಳು. ಅಳುತ್ತಲೇ ಸೊಸೆ ಒಳಲೆಯನ್ನು ಮಗುವಿನ ತುಟಿಗೆ ಹಿಡಿದಳು. ಮಗು ಗುಟುಕುಗುಟುಕಾಗಿ ಕುಡಿಯಿತು.

ಇಬ್ಬರ ಭಯವೂ ಕೂಡಲೇ ಹೋಗಲಿಲ್ಲ. ಅದು ಇದ್ದ ಹಾಗೆಯೇ ಮಗುವಿನ ಹೊಟ್ಟೆ ತುಂಬಿತು, ಮಗು ನಿದ್ದೆ ಹೋಯಿತು. ಭಯ ಮಾತ್ರ, ಯಾರೂ ಮಾತಾಡಿಸದ ನೆಂಟನ ಹಾಗೆ, ಸ್ವಲ್ಪ ಹೊತ್ತು ಕೂತಿದ್ದು ತಾನೇ ಎದ್ದು ಹೋಯಿತು.

ಸೊಸೆ ಅತ್ತೆಯ ಕಾಲು ಮುಟ್ಟಲು ಬಗ್ಗಿದಳು. ಗಾಣಿಗಿತ್ತಿ ಅವಳನ್ನು ಹಿಡಿದೆತ್ತಿ ತಬ್ಬಿಕೊಂಡಳು. ಆ ಕ್ಷಣದಲ್ಲಿ ಸೊಸೆಗಿಂತ ಅವಳಿಗೇ ಹೆಚ್ಚು ಉಪಕಾರವಾಗಿತ್ತು. ಬೇರೆಯವರಿಗೆ ಧೈರ್ಯ ಕೊಡಬೇಕಾಗಿ ಬಂದದ್ದರಿಂದಲೇ ಅವಳಿಗೂ ಒಂದಿಷ್ಟು ಧೈರ್ಯ ಸಿಕ್ಕಿತ್ತು.

ಸಂಜೆ ಗಾಣಿಗ ಎಂದಿನಂತೆ ಕೊಡದ ಬಳಿಗೆ ಬಂದ. ಹೆಂಡತಿ ಮುಚ್ಚಳದ ಮೇಲೆ ಕೈಯಿಟ್ಟಳು. "ಇಷ್ಟು ವರ್ಷ ನನಗೋಸ್ಕರ ನೋಡಿದ್ರಿ. ನಿಮ್ಮ ಋಣ ದೊಡ್ಡದು. ಇನ್ನು ನೋಡಬೇಡಿ, ಸುಮ್ಮನೆ ನನ್ನ ಪಕ್ಕ ಕೂತ್ಕೊಳ್ಳಿ" ಎಂದಳು. ಗಾಣಿಗ ಕೂತ. ಅವನ ಕಣ್ಣೂ ತುಂಬಿತು. ಭಯ ಮಾರನೆಯ ದಿನವೂ ಬಂತು, ಆಮೇಲೂ ಬರುತ್ತಿತ್ತು. ಬಂದಾಗಲೆಲ್ಲ ಯಾರಾದರೊಬ್ಬರು ಜೊತೆಗೆ ಕೂರುತ್ತಿದ್ದರು. ಮುಚ್ಚಳಗಳು ಮುಚ್ಚಿದ ಹಾಗೆಯೇ ಉಳಿಯತೊಡಗಿದವು. ಮಗು ಹಾಲು ಕುಡಿದು ಮುಗಿಸಿದಾಗಲೆಲ್ಲ ಗಾಣಿಗಿತ್ತಿ ಬರಿದಾದ ಒಳಲೆಗೆ ಕೈಮುಗಿಯುತ್ತಿದ್ದಳು.

ಗುರುಗಳು ಕತೆ ನಿಲ್ಲಿಸಿದರು. ಕರಿಬಸವ ಕಣ್ಣೊರೆಸಿಕೊಂಡು ಅವರಿಗೆ ಅಡ್ಡಬಿದ್ದ.

"ದೊಡ್ಡ ಉಪಕಾರವಾಯಿತು, ಗುರುಗಳೇ. ನನಗೆ ಅರ್ಥವಾಯಿತು" ಎಂದ. ಎದ್ದು ನಿಂತ. ಎರಡು ಹೆಜ್ಜೆ ಇಟ್ಟು ಮತ್ತೆ ತಿರುಗಿದ. "ನಾನು ಅರ್ಥ ಮಾಡಿಕೊಂಡದ್ದು ಸರಿಯಾಗಿದೆ ತಾನೇ?"

ಗುರುಗಳು ನೈವೇದ್ಯದ ತಟ್ಟೆಯನ್ನು ಅವನ ಕೈಗಿಟ್ಟು ಹೇಳಿದರು: "ನನಗೂ ಗೊತ್ತಿಲ್ಲ ಕಣಪ್ಪ, ನಡಿ, ದೇವರು ಹಸಿದಿದ್ದಾನೆ, ನಾನೂ ಜೊತೆಗೆ ಬರುತ್ತೇನೆ."

ಕರಿಬಸವ ತಟ್ಟೆ ಹಿಡಿದು ದೇವರ ಮುಂದಕ್ಕೆ ನಡೆದ.